ಪರದೇಶದ ಮನೆಯಲ್ಲಿ ಅತಿಥಿಯಾಗಿ ಒಂದು ವರ್ಷ

ಹತ್ತನೆಯ ತರಗತಿ ಮುಗಿಸಿದ ಮಗ ಕಾಲೇಜಿಗೆ ಸೇರುವ ಬದಲು ಒಂದು ವರ್ಷ ಪರದೇಶದಲ್ಲಿ, ಅದೂ ಗುರುತು ಪರಿಚಯವಿಲ್ಲದ ಕುಟುಂಬವೊಂದರ ಮನೆಯಲ್ಲಿ ಇದ್ದು ಬರುತ್ತೇನೆಂದರೆ ನಮ್ಮ ಮನೆಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಒಂದು ವರ್ಷ ವ್ಯರ್ಥವಾಗುವುದಿಲ್ಲವೇ ಎಂಬುದು ಮೊದಲನೆಯದು. ಹೋದ ಮಗ ಹೋದಂತೆಯೇ ಮರಳುವನೇ ಎಂಬುದು ಎರಡನೆಯದು. ಮೊದಲನೆಯದು ಓದಿನ ಚಿಂತೆ, ಎರಡನೆಯದು ಈಮಾನಿನ ಚಿಂತೆ. ಇತ್ತೀಚೆಗೆ ಪರಿಚಿತರೊಬ್ಬರು ತಮ್ಮ ಮಗನ ವಿಷಯದಲ್ಲಿ ಇದೇ ಎರಡು ಪ್ರಶ್ನೆಗಳನ್ನು ಹೊತ್ತು ನನ್ನ ಬಳಿ ಬಂದಿದ್ದರು. ಹದಿನಾರನೆಯ ವಯಸ್ಸಿನಲ್ಲಿ ನಾನೂ ಅಂತಹ ಒಂದು ವರ್ಷವನ್ನು ಕಳೆದವನು. ಅವರಿಗೆ ಹೇಳಿದ್ದನ್ನು ಇತರ ಹೆತ್ತವರಿಗೂ ತಲುಪಿಸುವುದು ಒಳಿತೆನಿಸಿ ಈ ಬರಹ.

ಇಂತಹ ಪ್ರವಾಸ ನಮ್ಮ ಚರಿತ್ರೆಗೆ ಹೊಸತಲ್ಲ. ಮಕ್ಕಾದ ಸಿರಿವಂತ ಮನೆಯಲ್ಲಿ ಬೆಳೆದ ತರುಣ ಮುಸ್‌ಅಬ್ ಬಿನ್ ಉಮೈರ್(ರ) ಕ್ರಿ.ಶ. 621ರಲ್ಲಿ, ಅಕಬಾದ ಮೊದಲ ಪ್ರತಿಜ್ಞೆಯ ನಂತರ, ಪ್ರವಾದಿ(ಸ)ಯವರ ಆದೇಶದಂತೆ ಯಸ್ರಿಬ್‌ಗೆ ತೆರಳಿದರು. ಅಲ್ಲಿ ಅವರು ಉಳಿದುಕೊಂಡದ್ದು ಅಸ್‌ಅದ್ ಬಿನ್ ಝುರಾರಾ(ರ)ರ ಮನೆಯಲ್ಲಿ. ಮರುವರ್ಷದ ಹಜ್ಜ್ ಕಾಲಕ್ಕೆ ಅವರು ಮಕ್ಕಾಕ್ಕೆ ಮರಳಿದಾಗ ಯಸ್ರಿಬ್‌ನ ಎಪ್ಪತ್ತಕ್ಕೂ ಹೆಚ್ಚು ಸತ್ಯವಿಶ್ವಾಸಿಗಳು ಪ್ರವಾದಿ(ಸ)ಯವರನ್ನು ಕಾಣಲು ಬಂದಿದ್ದರು. ಮದೀನಾದ ಬಾಗಿಲು ತೆರೆದದ್ದು ಹೀಗೆ ಒಬ್ಬ ಯುವಕ ಇನ್ನೊಬ್ಬರ ಮನೆಯಲ್ಲಿ ಅತಿಥಿಯಾಗಿ ಕಳೆದ ಒಂದು ವರ್ಷದಿಂದ. ಆ ಮಹಾನ್ ಸಹಾಬಿಯೊಂದಿಗೆ ನಮ್ಮನ್ನು ಹೋಲಿಸಿಕೊಳ್ಳುವ ಅರ್ಹತೆ ನಮಗಿಲ್ಲ. ಆದರೆ ಒಂದು ವರ್ಷ ವ್ಯರ್ಥವೇ ಎಂಬ ಪ್ರಶ್ನೆಯನ್ನು ಆ ಚರಿತ್ರೆಯ ಬೆಳಕಿನಲ್ಲಿಯೂ ಕೇಳಿಕೊಳ್ಳಬಹುದು.

ನಾನು ಹೋದ ಯೋಜನೆಯ ಹಿನ್ನೆಲೆಯನ್ನು ಎರಡು ಮಾತುಗಳಲ್ಲಿ ಹೇಳುತ್ತೇನೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕ ಮತ್ತು ಮುಸ್ಲಿಮ್ ಜಗತ್ತಿನ ನಡುವೆ ಸಂಶಯದ ಗೋಡೆ ಎದ್ದಿತ್ತು. ಆಗ ಸೆನೆಟರ್‌ಗಳಾದ ಎಡ್ವರ್ಡ್ ಕೆನಡಿ ಮತ್ತು ರಿಚರ್ಡ್ ಲೂಗರ್ ಅವರ ಮುಂದಾಳತ್ವದಲ್ಲಿ 2002ರಲ್ಲಿ ಒಂದು ವಿದ್ಯಾರ್ಥಿ ವಿನಿಮಯ ಯೋಜನೆ ಆರಂಭವಾಯಿತು. ಒಬ್ಬರು ಡೆಮಾಕ್ರಟಿಕ್ ಪಕ್ಷದವರು, ಇನ್ನೊಬ್ಬರು ರಿಪಬ್ಲಿಕನ್ ಪಕ್ಷದವರು. ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿರುವ ದೇಶಗಳ ಪ್ರೌಢಶಾಲಾ ವಿದ್ಯಾರ್ಥಿಗಳು ವಿದ್ಯಾರ್ಥಿವೇತನದ ಮೇಲೆ ಒಂದು ಶೈಕ್ಷಣಿಕ ವರ್ಷ ಅಮೆರಿಕದ ಕುಟುಂಬಗಳಲ್ಲಿ ವಾಸಿಸಿ ಅಲ್ಲಿನ ಶಾಲೆಗಳಲ್ಲಿ ಓದುವುದು ಅದರ ಕ್ರಮ. ಭಾರತದ ವಿದ್ಯಾರ್ಥಿಗಳನ್ನು ಕಳುಹಿಸುವ ಹೊಣೆ ಹೊತ್ತ ಎಎಫ್‌ಎಸ್ ಸಂಸ್ಥೆಯ ಮೂಲವೂ ಕುತೂಹಲಕರ. ಅದು 1915ರಲ್ಲಿ, ಮೊದಲನೆಯ ಮಹಾಯುದ್ಧದ ವೇಳೆ, ಫ್ರಾನ್ಸ್‌ನಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಆಂಬುಲೆನ್ಸ್ ಸ್ವಯಂಸೇವಕರ ತಂಡವಾಗಿತ್ತು. ಎರಡು ಯುದ್ಧಗಳಲ್ಲಿ ಹೆಣಗಳನ್ನು ಕಂಡವರು, ಮುಂದಿನ ಪೀಳಿಗೆಯ ಮಕ್ಕಳು ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಂಡು ಮಲಗಿ ಬೆಳೆಯಲಿ ಎಂದು 1947ರಿಂದ ವಿದ್ಯಾರ್ಥಿ ವಿನಿಮಯಕ್ಕೆ ತೊಡಗಿದರು.

ಅತಿಥೇಯ ಕುಟುಂಬಗಳಿಗೆ ಇದಕ್ಕಾಗಿ ಸಂಭಾವನೆಯಿಲ್ಲ ಎಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಹತ್ತು ತಿಂಗಳು ಅನ್ನ, ವಸತಿ, ಅಕ್ಕರೆ ಎಲ್ಲವೂ ಅವರ ಸ್ವಂತ ಇಚ್ಛೆಯಿಂದ. ಕೃತಜ್ಞತೆಯನ್ನಾಗಲೀ ಪ್ರತಿಫಲವನ್ನಾಗಲೀ ಬಯಸದೆ ಉಣಿಸುವವರ ಕುರಿತು ಸೂರಾ ಅದ್ದಹ್ರ್ ಹೇಳುವ ಮಾತನ್ನು ನಾವು ಮದ್ರಸಾದಲ್ಲಿ ಕಂಠಪಾಠ ಮಾಡಿದ್ದೆವು. ಉಣಿಸುವ ಕೈಗಳನ್ನು ನಾನು ಹತ್ತಿರದಿಂದ ಕಂಡದ್ದು ಆ ವರ್ಷ.

2008ರ ಆಗಸ್ಟ್‌ನಲ್ಲಿ ನಾನು ಅಮೆರಿಕದ ನಡುಭಾಗದ ಅಯೋವಾ ರಾಜ್ಯವನ್ನು ತಲುಪಿದೆ. ನಮ್ಮ ಕರಾವಳಿಯಲ್ಲಿ ಕಣ್ಣು ಹಾಯಿಸಿದರೆ ಒಂದೆಡೆ ಕಡಲು, ಇನ್ನೊಂದೆಡೆ ಘಟ್ಟ. ಅಲ್ಲಿ ಎತ್ತ ನೋಡಿದರೂ ಮೆಕ್ಕೆಜೋಳದ ಹೊಲ. ಮೊದಲ ಮೂರು ವಾರ ವೃದ್ಧ ದಂಪತಿಗಳ ಮನೆಯಲ್ಲಿದ್ದೆ. ಹೊಸಬರಿಗೆ ಊರಿನ ರೀತಿ ನೀತಿ ಪರಿಚಯಿಸುವ ತಾತ್ಕಾಲಿಕ ಮನೆ ಅದು. ನಂತರ ವರ್ಷವಿಡೀ ಇರಬೇಕಾದ ಮನೆಗೆ ಹೋದೆ. ಅದು ಸೀಡರ್ ರ್ಯಾಪಿಡ್ಸ್ ನಗರದಿಂದ ಕಾರಿನಲ್ಲಿ ಒಂದು ಗಂಟೆ ದೂರದ ಹಳ್ಳಿ. ಗಂಡ, ಹೆಂಡತಿ, ನನ್ನ ಓರಗೆಯ ಇಬ್ಬರು ಗಂಡುಮಕ್ಕಳು, ಒಂದು ದೊಡ್ಡ ನಾಯಿ. ಅವರು ಪ್ರತಿ ಭಾನುವಾರ ಚರ್ಚಿಗೆ ಹೋಗುವ ಕ್ರೈಸ್ತರು. ನನಗಿಂತ ಮೊದಲು ಅವರು ಒಬ್ಬ ಮುಸ್ಲಿಮನೊಂದಿಗೆ ಮಾತನಾಡಿರಲಿಲ್ಲ.

ಮೊದಲ ದಿನವೇ ಕಿಬ್ಲಾದ ಪ್ರಶ್ನೆ ಬಂತು. ನಮ್ಮೂರಿನ ಮಗುವಿಗೂ ಗೊತ್ತು, ಕಿಬ್ಲಾ ಎಂದರೆ ಪಡುವಣ, ಕಡಲಿನ ದಿಕ್ಕು. ಅಯೋವಾದಿಂದ ಮಕ್ಕಾ ಪೂರ್ವಕ್ಕೂ ಸ್ವಲ್ಪ ದಕ್ಷಿಣಕ್ಕೂ ಇರಬೇಕೆಂದು ಭೂಪಟ ನೋಡಿದವರಿಗೆ ತೋರುತ್ತದೆ. ಮನೆಯ ಕಿರಿಯ ಮಗ ತನ್ನ ಮೇಜಿನ ಮೇಲಿದ್ದ ಭೂಗೋಳವನ್ನು ತಂದು, ಅಯೋವಾದ ಮೇಲೊಂದು ಬೆರಳು, ಮಕ್ಕಾದ ಮೇಲೊಂದು ಬೆರಳು ಇಟ್ಟು, ನಡುವೆ ದಾರವನ್ನು ಬಿಗಿಯಾಗಿ ಎಳೆದ. ದಾರ ಹೊರಟದ್ದು ನೇರ ಈಶಾನ್ಯಕ್ಕೆ! ದುಂಡಗಿನ ಭೂಮಿಯ ಮೇಲೆ ಅತ್ಯಂತ ಹತ್ತಿರದ ದಾರಿ ಅದೇ. ಆತ ದಿಕ್ಸೂಚಿ ಹಿಡಿದು ನನ್ನ ಕೋಣೆಯ ಮೂಲೆಯಲ್ಲಿ ಬಳಪದಿಂದ ಒಂದು ಗೆರೆ ಎಳೆದುಕೊಟ್ಟ. ಮುಂದಿನ ಹತ್ತು ತಿಂಗಳು ನಾನು ಅಲ್ಲಾಹನಿಗೆ ಸುಜೂದ್ ಮಾಡಿದ್ದು ಒಬ್ಬ ಕ್ರೈಸ್ತ ಬಾಲಕ ಎಳೆದುಕೊಟ್ಟ ಆ ಗೆರೆಯ ನೇರಕ್ಕೆ.

ಊರಿನಲ್ಲಿ ಬಾಂಗ್ ನನ್ನನ್ನು ಕರೆಯುತ್ತಿತ್ತು. ಬಾಂಗ್ ಕೇಳಿಸದಿದ್ದರೆ ಉಮ್ಮ ಕರೆಯುತ್ತಿದ್ದರು. ಆ ಹಳ್ಳಿಯಲ್ಲಿ ಕರೆಯುವವರು ಯಾರೂ ಇರಲಿಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಸಂಜೆ ನಾಲ್ಕೂವರೆಯ ಆಸುಪಾಸಿಗೆ. ಝುಹ್ರ್ ಶಾಲೆಯಲ್ಲಿ, ಊಟದ ಬಿಡುವಿನಲ್ಲಿ, ಗ್ರಂಥಾಲಯದ ಹಿಂಬದಿಯ ಸಣ್ಣ ಕೋಣೆಯಲ್ಲಿ. ಅಸ್ರ್ ಮನೆ ತಲುಪಿದೊಡನೆ. ಸ್ವಲ್ಪ ತಡವಾದರೆ ಮಗ್ರಿಬ್ ಬಂದೇ ಬಿಡುತ್ತಿತ್ತು. ನಮಾಝ್ ನನ್ನದೇ ಹೊಣೆ ಎಂಬ ಅರಿವು ನನಗೆ ಬಂದದ್ದು ಮಸೀದಿಯ ನೆರಳಿನಲ್ಲಲ್ಲ, ಮಸೀದಿಯಿಲ್ಲದ ಆ ಊರಿನಲ್ಲಿ. ಹೊರಡುವ ಮುನ್ನ ನಮ್ಮ ಉಸ್ತಾದರು ಹೇಳಿದ್ದರು: "ಮಗಾ, ಇಲ್ಲಿ ನಿನ್ನ ದೀನನ್ನು ಊರು ಕಾಯುತ್ತದೆ. ಅಲ್ಲಿ ಊರಿನ ಮಾನವನ್ನೂ ದೀನನ್ನೂ ನೀನು ಕಾಯಬೇಕು." ಆ ಮಾತಿನ ಅರ್ಥ ಅಲ್ಲಿನ ಚಳಿಗಾಲದಲ್ಲಿ ನನಗೆ ತಿಳಿಯಿತು.

ಸೆಪ್ಟೆಂಬರ್ 1ರಂದು ರಮಝಾನ್ ಆರಂಭವಾಯಿತು. ಹೊಸ ಮನೆಗೆ ಬಂದು ಕೆಲವೇ ದಿನಗಳಾಗಿದ್ದವು. ಮೇಜಿಗೆ ಕರೆದಾಗ ಊಟ ಬೇಡವೆನ್ನುವ ಅತಿಥಿಯನ್ನು ಕಂಡರೆ ಯಾವ ಮನೆಯಾಕೆಗೂ ಕಳವಳವಾಗುತ್ತದೆ. ಆದ್ದರಿಂದ ಹಿಂದಿನ ಸಂಜೆಯೇ ಕುಳಿತು ಎಲ್ಲವನ್ನೂ ವಿವರಿಸಿದೆ. ಉಪವಾಸ ಯಾಕೆ, ಎಷ್ಟು ಹೊತ್ತು, ನೀರೂ ಇಲ್ಲವೇ, ಕಾಯಿಲೆಯಾದರೆ ಏನು? ಅವರು ಕೇಳಿದ ಪ್ರಶ್ನೆಗಳಲ್ಲಿ ತಾತ್ಸಾರವಿರಲಿಲ್ಲ, ತಾಯಿಯ ಆತಂಕವಿತ್ತು. ಮರುದಿನ ನಸುಕಿನಲ್ಲಿ ಸದ್ದಾಗದಂತೆ ಅಡುಗೆಮನೆಗೆ ಹೋದರೆ ಸಹರಿಗೆಂದು ಬೇಯಿಸಿದ ಮೊಟ್ಟೆ, ರೊಟ್ಟಿ, ಹಣ್ಣುಗಳನ್ನು ಮುಚ್ಚಿಟ್ಟಿದ್ದರು. ಸಂಜೆ ಊಟದ ಹೊತ್ತು ಆರು ಗಂಟೆಗಿದ್ದುದನ್ನು ಸೂರ್ಯಾಸ್ತದವರೆಗೆ, ಅಂದರೆ ಏಳೂವರೆ ದಾಟುವವರೆಗೆ, ಇಡೀ ಮನೆ ಮುಂದೂಡಿತು. ಬೇಡವೆಂದರೂ ಕೇಳಲಿಲ್ಲ. ಒಬ್ಬನೇ ಉಣ್ಣುವುದು ಈ ಮನೆಯ ಪದ್ಧತಿಯಲ್ಲ ಎಂದರು. ನಮ್ಮ ಮನೆಯ ಇಫ್ತಾರಿನ ಗಂಜಿ ಇರಲಿಲ್ಲ. ಆದರೆ ಒಂದು ಕುಟುಂಬ ನನಗಾಗಿ ಹಸಿದು ಕಾಯುತ್ತಿತ್ತು.

ಈಗ ಆಹಾರದ ವಿಷಯ. ಅಮೆರಿಕದಲ್ಲಿ ಅತಿ ಹೆಚ್ಚು ಹಂದಿ ಸಾಕುವ ರಾಜ್ಯ ಅಯೋವಾ. ನನ್ನ ಅತಿಥೇಯ ತಾಯಿಯ ತವರಿನ ಜೀವನೋಪಾಯವೇ ಅದು. ಅವರ ತಂದೆ ಜೀವಮಾನವಿಡೀ ಹಂದಿ ಸಾಕಿದ ರೈತ. ಅಂತಹ ಮನೆತನದ ಮುಂದೆ, ನಿಮ್ಮ ಬೆವರಿನ ಫಲವನ್ನು ನಾನು ಮುಟ್ಟಲಾರೆ ಎಂದು ಹೇಳುವುದು ಹೇಗೆ? ಪ್ರವಾದಿ(ಸ)ಯವರ ಎರಡು ಮಾದರಿಗಳು ನನಗೆ ದಾರಿ ತೋರಿದವು. ಅವರು ಯಾವ ಆಹಾರವನ್ನೂ ಹಳಿಯುತ್ತಿರಲಿಲ್ಲ, ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲವಾದರೆ ಸುಮ್ಮನೆ ಬಿಡುತ್ತಿದ್ದರು. ಮದೀನಾದಲ್ಲಿ ಅಬೂ ಅಯ್ಯೂಬ್ ಅಲ್ ಅನ್ಸಾರಿ(ರ)ರ ಮನೆಯಲ್ಲಿ ಅತಿಥಿಯಾಗಿದ್ದಾಗ ಒಮ್ಮೆ ಬೆಳ್ಳುಳ್ಳಿ ಬೆರೆಸಿದ ಊಟ ಮುಟ್ಟದೆ ಮರಳಿತು. ಗಾಬರಿಗೊಂಡ ಅತಿಥೇಯರು ಅದು ನಿಷಿದ್ಧವೇ ಎಂದು ಕೇಳಿದರು. ನಿಷಿದ್ಧವಲ್ಲ, ತನಗೆ ಅದು ಒಗ್ಗುವುದಿಲ್ಲ ಎಂದು ಪ್ರವಾದಿ(ಸ) ಸ್ಪಷ್ಟಪಡಿಸಿದರು. ಕಾರಣವನ್ನು ಮುಚ್ಚಿಡಲಿಲ್ಲ, ಊಟವನ್ನು ತೆಗಳಲಿಲ್ಲ. ನಾನೂ ಹಾಗೆಯೇ ನಡೆದುಕೊಳ್ಳಲು ಯತ್ನಿಸಿದೆ. ನನಗೆ ನಿಷಿದ್ಧವಾದುದನ್ನು ಸ್ಪಷ್ಟವಾಗಿ ಹೇಳಿದೆ, ಅವರ ಕಸುಬಿನ ಬಗ್ಗೆ ಒಂದು ಹಗುರ ಮಾತನ್ನೂ ಆಡಲಿಲ್ಲ. ಗ್ರಂಥದವರ ಮಾಂಸದ ಕುರಿತು ವಿದ್ವಾಂಸರ ಚರ್ಚೆಗಳಿವೆ. ಸಂದೇಹವಿದ್ದಲ್ಲಿ ದೂರವಿರುವ ದಾರಿಯನ್ನು ಆರಿಸಿಕೊಂಡು ಮೀನು, ಮೊಟ್ಟೆ, ಕಾಳು, ತರಕಾರಿಗಳಲ್ಲಿ ವರ್ಷ ಕಳೆದೆ. ಅಂಗಡಿಯಿಂದ ತಂದ ಪ್ರತಿಯೊಂದು ಪೊಟ್ಟಣದ ಹಿಂಬದಿಯನ್ನು ಓದುವ ಅಭ್ಯಾಸ ಆ ಮನೆಯ ತಾಯಿಗೆ ಬಂತು. ಮಾರ್ಷ್‌ಮೆಲೋ ಎಂಬ ಮಿಠಾಯಿಯಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರುತ್ತದೆಂದು ನನಗೆ ಹೇಳಿಕೊಟ್ಟವರೇ ಅವರು.

ನಾಯಿಯ ವಿಷಯ ಇನ್ನೂ ಸೂಕ್ಷ್ಮವಾಗಿತ್ತು. ನಾವು ಕರಾವಳಿಯವರು ಶಾಫಿಈ ಕರ್ಮಶಾಸ್ತ್ರದವರು, ನಾಯಿಯ ಜೊಲ್ಲು ತಾಗಿದರೆ ಮಣ್ಣು ಬೆರೆಸಿದ ನೀರಿನಿಂದ ಒಮ್ಮೆ ಸೇರಿದಂತೆ ಏಳು ಬಾರಿ ತೊಳೆಯಬೇಕೆಂದು ಕಲಿತವರು. ಆ ಮನೆಯಲ್ಲಾದರೋ ನಾಯಿ ಕುಟುಂಬದ ಸದಸ್ಯ. ನನ್ನ ಕೋಣೆಗೆ ನಾಯಿ ಬಾರದಂತೆ ನೋಡಿಕೊಳ್ಳಬಹುದೇ ಎಂದು ಕೇಳಿದೆ. ಒಪ್ಪಿದರು. ಆದರೆ ಹಿರಿಯ ಮಗನ ಮುಖ ಸಪ್ಪೆಯಾಯಿತು. ನಿಮ್ಮ ಧರ್ಮ ನಾಯಿಯನ್ನು ದ್ವೇಷಿಸುತ್ತದೆಯೇ ಎಂದು ಆತ ಕೇಳಿದ. ಬಾಯಾರಿ ನೆಲ ನೆಕ್ಕುತ್ತಿದ್ದ ನಾಯಿಗಾಗಿ ಬಾವಿಗಿಳಿದು, ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ ತಂದು ಕುಡಿಸಿದ ವ್ಯಕ್ತಿಯ ಪಾಪಗಳನ್ನು ಅಲ್ಲಾಹನು ಕ್ಷಮಿಸಿದ ಪ್ರಸಂಗವನ್ನು ಪ್ರವಾದಿ(ಸ) ತಮ್ಮ ಅನುಚರರಿಗೆ ಹೇಳಿದ್ದರು. ಅದನ್ನು ಆತನಿಗೆ ಹೇಳಿದೆ. ಶುಚಿತ್ವದ ನಿಯಮ ಬೇರೆ, ಜೀವದ ಮೇಲಿನ ಕರುಣೆ ಬೇರೆ ಎಂದು ವಿವರಿಸಿದೆ. ಮರುದಿನದಿಂದ ನಾಯಿಯ ನೀರಿನ ಬಟ್ಟಲು ತುಂಬುವ ಕೆಲಸವನ್ನು ನಾನೇ ವಹಿಸಿಕೊಂಡೆ. ಆ ಬಾಲಕನಿಗೆ ನನ್ನ ವಿವರಣೆಗಿಂತ ಆ ಬಟ್ಟಲು ಹೆಚ್ಚು ಅರ್ಥವಾಯಿತು.

ಅತಿಥಿಗೂ ಕರ್ತವ್ಯಗಳಿವೆ. ಆತಿಥ್ಯದ ಹಕ್ಕು ಮೂರು ದಿನ, ಅದರಾಚೆಗಿನದು ದಾನ, ಅತಿಥೇಯನಿಗೆ ಹೊರೆಯಾಗುವಷ್ಟು ಉಳಿಯುವುದು ಅತಿಥಿಗೆ ಸಲ್ಲದು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಹಾಗಿರುವಾಗ ಹತ್ತು ತಿಂಗಳು ಇರುವವನು ಅತಿಥಿಯಂತೆ ಕುಳಿತರೆ ನಡೆಯದು, ಮನೆಯ ಮಗನಂತೆ ದುಡಿಯಬೇಕು. ಮುಹಾಜಿರ್ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಅನ್ಸಾರಿ ಸಹೋದರ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ನೀಡಲು ಮುಂದಾದರು. ಅವರು ಸಹೋದರನಿಗಾಗಿ ಪ್ರಾರ್ಥಿಸಿ, ಪೇಟೆಯ ದಾರಿ ತೋರಿಸಿದರೆ ಸಾಕೆಂದರು. ಆ ಸ್ವಾಭಿಮಾನವೂ ಅತಿಥಿಯ ಆಭರಣ. ಪಾತ್ರೆ ತೊಳೆಯುವುದು, ಹಿಮ ಬಿದ್ದ ಬೆಳಗ್ಗೆ ಮನೆಯ ಮುಂದಿನ ದಾರಿಯನ್ನು ಸಲಿಕೆಯಿಂದ ತೆರವುಗೊಳಿಸುವುದು ನನ್ನ ಪಾಲಿನ ಕೆಲಸಗಳಾದವು. ಫಜ್ರ್‌ಗೆ ಎದ್ದವನಿಗೆ ಹೇಗೂ ನಿದ್ದೆ ಬಿಟ್ಟಿರುತ್ತದೆ. ಉಳಿದವರು ಏಳುವಷ್ಟರಲ್ಲಿ ದಾರಿ ಸಿದ್ಧವಾಗಿರುತ್ತಿತ್ತು. ನೆರೆಮನೆಯ ವೃದ್ಧೆಯ ಅಂಗಳವನ್ನೂ ಜೊತೆಗೇ ಮುಗಿಸುತ್ತಿದ್ದೆ. ಈ ಹುಡುಗ ಯಾಕೆ ಇಷ್ಟು ಬೇಗ ಏಳುತ್ತಾನೆಂದು ಆಕೆ ಮನೆಯವರನ್ನು ಕೇಳಿದರಂತೆ. ಹಾಗೆ ನನ್ನ ನಮಾಝಿನ ಸುದ್ದಿ ಆ ಹಳ್ಳಿಗೆ ಹರಡಿತು.

ಆ ವರ್ಷದ ಅತ್ಯಂತ ಕಠಿಣ ದಿನ ನವೆಂಬರ್ 27. ನವೆಂಬರ್‌ನ ನಾಲ್ಕನೆಯ ಗುರುವಾರ ಅಮೆರಿಕನ್ನರಿಗೆ ಥ್ಯಾಂಕ್ಸ್‌ಗಿವಿಂಗ್, ಬಂಧುಗಳೆಲ್ಲ ಸೇರಿ ದೇವನಿಗೆ ಕೃತಜ್ಞತೆ ಅರ್ಪಿಸಿ ಉಣ್ಣುವ ಹಬ್ಬ. ಹಿಂದಿನ ದಿನವಷ್ಟೇ ಮುಂಬಯಿಯ ಮೇಲೆ ದಾಳಿ ನಡೆದಿತ್ತು. ನಾವು ತಾಯಿಯ ತವರುಮನೆ ತಲುಪಿದಾಗ ಟಿವಿಯಲ್ಲಿ ಹೊತ್ತಿ ಉರಿಯುತ್ತಿದ್ದ ತಾಜ್ ಹೋಟೆಲ್. ಉಮ್ಮನಿಗೆ ಕರೆ ಮಾಡಿ ಮಾತನಾಡಿದ್ದೆ. ಮುಂಬಯಿಯಲ್ಲಿ ದುಡಿಯುವ ನಮ್ಮ ಬಂಧುಗಳು ಸುರಕ್ಷಿತವಾಗಿದ್ದರು. ಆದರೂ ಎದೆಯೊಳಗೆ ಕಲ್ಲು ಕುಳಿತಂತಿತ್ತು. ನನ್ನ ದೇಶದ ಜನ ಸಾಯುತ್ತಿದ್ದರು, ಕೊಲ್ಲುತ್ತಿದ್ದವರು ನನ್ನ ಧರ್ಮದ ಹೆಸರು ಹೇಳುತ್ತಿದ್ದರು.

ಊಟದ ಮೇಜಿನ ಬಳಿ ಇಪ್ಪತ್ತಕ್ಕೂ ಹೆಚ್ಚು ಮಂದಿ. ಅದರಲ್ಲಿ ಅರ್ಧದಷ್ಟು ಜನ ನನ್ನನ್ನು ಮೊದಲ ಬಾರಿಗೆ ನೋಡುತ್ತಿದ್ದರು. ದೂರದ ಊರಿನಿಂದ ಬಂದಿದ್ದ ಒಬ್ಬ ಬಂಧು ನನ್ನತ್ತ ತಿರುಗಿ ನೇರವಾಗಿ ಕೇಳಿದರು: "ನಿಮ್ಮ ಧರ್ಮ ಇದನ್ನೇ ಕಲಿಸುತ್ತದೆಯೇ?" ಚಮಚಗಳ ಸದ್ದು ನಿಂತಿತು.

ಯಸ್ರಿಬ್‌ನಲ್ಲಿ ಮುಸ್‌ಅಬ್(ರ)ರ ಮೇಲೆ ಆಯುಧ ಹಿಡಿದು ಬಂದವರನ್ನು ಅವರು ಮೊದಲು ಕುಳ್ಳಿರಿಸಿ, ಕೇಳಿ ನೋಡಿ, ಒಪ್ಪಿಗೆಯಾಗದಿದ್ದರೆ ನಿಲ್ಲಿಸುತ್ತೇವೆ ಎಂದು ಸಮಾಧಾನದಿಂದ ಹೇಳಿದ ಕಥೆ ಉಸ್ತಾದರಿಂದ ಕೇಳಿದ್ದೆ. ಇಲ್ಲಿ ಆಯುಧವಿರಲಿಲ್ಲ, ಒಂದು ಪ್ರಶ್ನೆ ಮಾತ್ರವಿತ್ತು. ನಿರಪರಾಧಿಯಾದ ಒಬ್ಬನನ್ನು ಕೊಲ್ಲುವುದು ಇಡೀ ಮನುಕುಲವನ್ನು ಕೊಂದಂತೆ ಎಂದು ನಮ್ಮ ಗ್ರಂಥ ಕಲಿಸುತ್ತದೆ, ಅದು ಸೂರಾ ಅಲ್ ಮಾಇದಾದಲ್ಲಿದೆ ಎಂದೆ. ನಮ್ಮ ಮನೆಯವರೂ ರಾತ್ರಿಯಿಡೀ ಮಲಗಿಲ್ಲ ಎಂದೆ. ನನ್ನ ದನಿ ನಡುಗುತ್ತಿತ್ತು. ಅವರು ಬಿಡಲಿಲ್ಲ: "ಆದರೂ ಅವರು ದೇವರ ಹೆಸರಿನಲ್ಲೇ ಮಾಡುತ್ತಾರಲ್ಲ?"

ನನಗಿಂತ ಮೊದಲು ಉತ್ತರಿಸಿದವರು ಮೇಜಿನ ತುದಿಯಲ್ಲಿದ್ದ ಅಜ್ಜ, ಹಂದಿ ಸಾಕುವ ಆ ಹಿರಿಯ ರೈತ. "ಈ ಹುಡುಗ ಮೂರು ತಿಂಗಳಿನಿಂದ ನನ್ನ ಮಗಳ ಮನೆಯಲ್ಲಿದ್ದಾನೆ. ದೇವರ ಹೆಸರಿನಲ್ಲಿ ಅವನೇನು ಮಾಡುತ್ತಾನೆಂದು ಅವರು ದಿನಕ್ಕೆ ಐದು ಬಾರಿ ನೋಡುತ್ತಿದ್ದಾರೆ. ಈಗ ಅವನನ್ನು ಉಣ್ಣಲು ಬಿಡು" ಎಂದರು. ಬಳಿಕ ಸಿಹಿಗೆಣಸಿನ ಖಾದ್ಯದ ಬಟ್ಟಲನ್ನು ನನ್ನತ್ತ ಸರಿಸಿದರು. ಅದರ ಅರ್ಧ ಭಾಗದ ಮೇಲೆ ಮಾರ್ಷ್‌ಮೆಲೋ ಇರಲಿಲ್ಲ.

ಪ್ರಶ್ನೆ ಕೇಳಿದವರು ಅಂದು ಮನ ಬದಲಾಯಿಸಿದರೆಂದು ನಾನು ಹೇಳಲಾರೆ. ಅವರು ಮತ್ತೆ ಆ ವಿಷಯ ಎತ್ತಲಿಲ್ಲ, ಹೊರಡುವಾಗ ಕೈ ಕುಲುಕಿದರು, ಅಷ್ಟೇ. ಆದರೆ ನನಗೆ ಒಂದು ಸತ್ಯ ಹೊಳೆಯಿತು. ನನ್ನ ಉತ್ತರದಲ್ಲಿ ಸೂಕ್ತದ ಅರ್ಥ ಸರಿಯಾಗಿತ್ತು, ಆದರೂ ಅದು ಅವರನ್ನು ತಲುಪಲಿಲ್ಲ. ಆ ಮೇಜಿನಲ್ಲಿ ನನ್ನ ಪರವಾಗಿ ನಿಂತದ್ದು ತೊಳೆದ ಪಾತ್ರೆಗಳು, ನಾಯಿಯ ನೀರಿನ ಬಟ್ಟಲು, ಮುಚ್ಚುಮರೆಯಿಲ್ಲದ ಐದು ಹೊತ್ತಿನ ನಮಾಝ್. ಪರಸ್ಪರ ಅರಿತುಕೊಳ್ಳಲೆಂದೇ ಮನುಷ್ಯರನ್ನು ಜನಾಂಗ, ಗೋತ್ರಗಳಾಗಿ ಮಾಡಲಾಗಿದೆಯೆಂದು ಸೂರಾ ಅಲ್ ಹುಜುರಾತ್‌ನ 13ನೇ ಸೂಕ್ತ ತಿಳಿಸುತ್ತದೆ. ಆ ಅರಿವು ಭಾಷಣ ವೇದಿಕೆಗಳಲ್ಲಿ ಹುಟ್ಟುವುದು ಕಡಿಮೆ. ಒಂದೇ ಸೂರಿನಡಿ ಉಂಡು, ಒಂದೇ ಬಚ್ಚಲಿಗೆ ಸರತಿ ಕಾದು, ಒಬ್ಬರ ಜ್ವರಕ್ಕೆ ಇನ್ನೊಬ್ಬರು ಎಚ್ಚರವಿದ್ದಾಗ ಅದು ಹುಟ್ಟುತ್ತದೆ. ಆ ಡಿಸೆಂಬರ್‌ನಲ್ಲಿ ಮುಂಬಯಿಯ ಮುಸ್ಲಿಮರು ಹಂತಕರ ಶವಗಳಿಗೆ ತಮ್ಮ ಖಬರಸ್ಥಾನದಲ್ಲಿ ಜಾಗ ನಿರಾಕರಿಸಿದ ಸುದ್ದಿಯನ್ನು ಅತಿಥೇಯ ತಂದೆಯೇ ಪತ್ರಿಕೆಯಲ್ಲಿ ಓದಿ ನನಗೆ ತೋರಿಸಿದರು.

ಅದೇ ತಿಂಗಳ ಬಕ್ರೀದ್‌ಗೆ ಅವರು ನನ್ನನ್ನು ಸೀಡರ್ ರ್ಯಾಪಿಡ್ಸ್‌ನ ಮಸೀದಿಗೆ ಕರೆದೊಯ್ದರು. ಹಿಮದ ದಾರಿಯಲ್ಲಿ ಒಂದು ಗಂಟೆ ಕಾರು ಚಲಾಯಿಸಿ, ನಮಾಝ್ ಮುಗಿಯುವವರೆಗೆ ಹಿಂಬದಿಯ ಕುರ್ಚಿಯಲ್ಲಿ ಕುಳಿತಿದ್ದರು. ಮರಳುವಾಗ ಅದೇ ನಗರದ 'ಮದರ್ ಮಾಸ್ಕ್' ಎಂಬ ಪುಟ್ಟ ಕಟ್ಟಡವನ್ನೂ ನೋಡಿದೆವು. ಸಿರಿಯಾ, ಲೆಬನಾನ್ ಕಡೆಯಿಂದ ವಲಸೆ ಬಂದ ಮುಸ್ಲಿಮರು 1934ರಲ್ಲಿ ಕಟ್ಟಿದ್ದು ಅದು. ಅಮೆರಿಕದಲ್ಲಿ ಮಸೀದಿಯಾಗಿಯೇ ಕಟ್ಟಿ ಇಂದಿಗೂ ಉಳಿದಿರುವ ಕಟ್ಟಡಗಳಲ್ಲಿ ಅತ್ಯಂತ ಹಳೆಯದೆಂದು ಅದನ್ನು ಗುರುತಿಸುತ್ತಾರೆ. ಅದೇ ವರ್ಷದ ಜೂನ್‌ನ ಪ್ರವಾಹದಲ್ಲಿ ಅದರ ನೆಲಮಾಳಿಗೆಗೆ ನೀರು ನುಗ್ಗಿ ಹಳೆಯ ದಾಖಲೆಗಳು ಹಾಳಾಗಿದ್ದವು. ನನ್ನ ಅತಿಥೇಯ ತಂದೆ ಆ ರಾಜ್ಯದಲ್ಲೇ ಹುಟ್ಟಿ ಬೆಳೆದವರು. ತನ್ನ ತಂದೆಯ ಬಾಲ್ಯದಿಂದಲೂ ಈ ಮಸೀದಿ ಇಲ್ಲಿತ್ತು, ನಾನು ನೋಡಿದ್ದು ಇಂದೇ ಎಂದು ಅವರು ಮೆಲ್ಲಗೆ ಹೇಳಿದರು.

ಮುಸ್ಲಿಮೇತರರ ಆಶ್ರಯದಲ್ಲಿ ಈಮಾನ್ ಉಳಿಯುವುದೇ ಎಂಬ ಪ್ರಶ್ನೆಗೆ ಹಬಶಾದ ಹಿಜ್ರಾ ಉತ್ತರವಾಗಿ ನಿಂತಿದೆ. ಕ್ರಿ.ಶ. 615ರ ಸುಮಾರಿಗೆ ಅಲ್ಲಿಗೆ ತೆರಳಿದ ಸಹಾಬಿಗಳು ಕ್ರೈಸ್ತ ದೊರೆ ನಜಾಶಿಯ ರಕ್ಷಣೆಯಲ್ಲಿದ್ದರು. ಜಅಫರ್ ಬಿನ್ ಅಬೂ ತಾಲಿಬ್(ರ) ಮದೀನಾಕ್ಕೆ ಬಂದದ್ದು ಹಿಜರಿ 7ರಲ್ಲಿ, ಖೈಬರ್‌ನ ಸಮಯದಲ್ಲಿ. ಒಂದು ದಶಕಕ್ಕೂ ಮಿಗಿಲಾದ ಆ ವಾಸದಲ್ಲಿ ಅವರ ದೀನ್ ಮಸುಕಾಗಲಿಲ್ಲ. ಈಸಾ(ಅ)ರ ಬಗ್ಗೆ ನಿಮ್ಮ ನಿಲುವೇನೆಂದು ದೊರೆಯ ಆಸ್ಥಾನದಲ್ಲಿ ಕೇಳಿದಾಗ, ಆಶ್ರಯ ತಪ್ಪುವ ಭಯವಿದ್ದರೂ ಜಅಫರ್(ರ) ಸತ್ಯವನ್ನು ಸೌಮ್ಯವಾಗಿ, ಸ್ಪಷ್ಟವಾಗಿ ಹೇಳಿದರು. ಅತಿಥಿಯಾದ ಮುಸ್ಲಿಮನ ಮಾರ್ಗ ಇದೇ: ತನ್ನ ವಿಶ್ವಾಸವನ್ನು ಅಡಗಿಸಬಾರದು, ಅದನ್ನು ಇನ್ನೊಬ್ಬರ ಮೇಲೆ ಹೇರಬಾರದು, ಉಪಕಾರವನ್ನು ಮರೆಯಬಾರದು. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬುದು ಪ್ರವಾದಿ(ಸ)ಯವರ ಬೋಧನೆ.

ಆದ್ದರಿಂದ ಮಗನನ್ನು ಕಳುಹಿಸುವ ಹೆತ್ತವರಿಗೆ ನನ್ನ ಸಲಹೆ ಇಷ್ಟು. ಅತಿಥೇಯ ಕುಟುಂಬಕ್ಕೆ ಬರೆಯುವ ಮೊದಲ ಪತ್ರದಲ್ಲೇ ನಮಾಝ್, ಆಹಾರ, ಉಪವಾಸ, ಮದ್ಯ, ನೃತ್ಯಕೂಟಗಳ ವಿಷಯವನ್ನು ವಿನಯದಿಂದ ತಿಳಿಸಲಿ. ತಿಳಿದು ಒಪ್ಪಿಕೊಳ್ಳುವ ಮನೆ ಸಿಗುತ್ತದೆ. ಇಂತಹ ಯೋಜನೆಗಳಲ್ಲಿ ಅತಿಥೇಯ ಮನೆಯವರ ಪೂರ್ವಾಪರವನ್ನು ಪರಿಶೀಲಿಸುತ್ತಾರೆ, ಸ್ಥಳೀಯ ಸಂಯೋಜಕರು ವಿದ್ಯಾರ್ಥಿಯೊಂದಿಗೆ ನಿಯಮಿತ ಸಂಪರ್ಕದಲ್ಲಿರುತ್ತಾರೆ. ಅವರ ಫೋನ್ ಸಂಖ್ಯೆ ತಾಯಿತಂದೆಯ ಬಳಿಯೂ ಇರಲಿ. ಶುದ್ಧಿ, ನಮಾಝ್, ಹಲಾಲ್ ಹರಾಮ್‌ಗಳ ಮೂಲ ನಿಯಮಗಳನ್ನು ಉಸ್ತಾದರ ಬಳಿ ಒಮ್ಮೆ ಓದಿ ಹೋಗಲಿ, ಏಕೆಂದರೆ ಅಲ್ಲಿ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಊರಿನಲ್ಲೇ ನಮಾಝ್ ತಪ್ಪಿಸುವ ಮಗನನ್ನು, ಅಲ್ಲಿ ಸರಿಯಾದಾನೆಂಬ ಭರವಸೆಯಿಂದ ಕಳುಹಿಸಬೇಡಿ. ಇನ್ನು ವರ್ಷ ಹಾಳಾಗುವ ಚಿಂತೆ. ನಾನು ಓರಗೆಯವರಿಗಿಂತ ಒಂದು ವರ್ಷ ತಡವಾಗಿ ಪಿಯುಸಿಗೆ ಸೇರಿದೆ. ಆ ಒಂದು ವರ್ಷದ ಅಂತರವನ್ನು ಅನಂತರದ ಬದುಕಿನಲ್ಲಿ ಯಾರೂ ನನ್ನನ್ನು ಕೇಳಲಿಲ್ಲ.

ಆದರೆ ಹೇಳಬೇಕಾದ ಮುಖ್ಯ ಮಾತು ಇನ್ನೊಂದಿದೆ. ನಾನು ಮರಳಿದ ಮರುವರ್ಷ ಅದೇ ಸಂಸ್ಥೆಯವರು, ಇಟಲಿಯ ಒಬ್ಬ ಹುಡುಗನಿಗೆ ಮೂರು ತಿಂಗಳು ಮನೆಯಲ್ಲಿ ಜಾಗ ಕೊಡಬಹುದೇ ಎಂದು ಬಾಪನನ್ನು ಕೇಳಿದರು. ಬಂಧುಗಳು ಹುಬ್ಬೇರಿಸಿದರು. ಗೊತ್ತಿಲ್ಲದವನನ್ನು, ಅನ್ಯಧರ್ಮದವನನ್ನು ಮನೆಯೊಳಗೆ ಸೇರಿಸುವುದೇ? ನನ್ನನ್ನು ಕಳುಹಿಸುವಾಗ ಎಲ್ಲರಿಗಿಂತ ಹೆಚ್ಚು ಅತ್ತಿದ್ದ ಉಮ್ಮ ಆಗ ಹೇಳಿದ್ದು ಒಂದೇ ಮಾತು: "ನನ್ನ ಮಗನಿಗೆ ಅಲ್ಲಿ ಒಬ್ಬಳು ಸಹರಿ ಮಾಡಿಟ್ಟಳು. ಅವಳ ಋಣ ನಾನು ಎಲ್ಲಿ ತೀರಿಸಲಿ?" ಹುಡುಗ ಬಂದ. ಅವನಿಗೆ ಏನು ಒಗ್ಗುವುದಿಲ್ಲವೆಂದು ಉಮ್ಮ ಮೊದಲ ದಿನವೇ ಕೇಳಿ ತಿಳಿದುಕೊಂಡರು. ಮೀನಿನ ಸಾರಿಗೆ ಖಾರ ಇಳಿಯಿತು. ಡಿಸೆಂಬರ್ 24ರ ರಾತ್ರಿ ಬಾಪ ಅವನನ್ನು ಸ್ಕೂಟರಿನಲ್ಲಿ ಪೇಟೆಯ ಇಗರ್ಜಿಗೆ ಕರೆದೊಯ್ದು, ಪೂಜೆ ಮುಗಿಯುವವರೆಗೆ ಅಂಗಳದಲ್ಲಿ ಕಾದು ನಿಂತರು.

ಮದೀನಾದಲ್ಲಿ ಮೇಲಂತಸ್ತಿನ ನೀರಿನ ಕೊಡ ಒಡೆದಾಗ, ಕೆಳಗಿದ್ದ ಅತಿಥಿ ಪ್ರವಾದಿ(ಸ)ಯವರ ಮೇಲೆ ಹನಿ ಬೀಳಬಾರದೆಂದು ಅಬೂ ಅಯ್ಯೂಬ್(ರ) ದಂಪತಿಗಳು ತಮ್ಮಲ್ಲಿದ್ದ ಒಂದೇ ಹೊದಿಕೆಯಿಂದ ನೀರನ್ನು ಒರೆಸಿದರೆಂದು ಸೀರಾ ಗ್ರಂಥಗಳು ಹೇಳುತ್ತವೆ. ಅದನ್ನು ಕೇಳಿ ನಮ್ಮ ಕಣ್ಣು ತೇವವಾಗುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮದೇ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡುದನ್ನು ಬರೆದಿಟ್ಟಿದ್ದಾನೆ. ದೂರದ ಪಯಣಿಗನೊಬ್ಬ ನಮ್ಮ ಕರಾವಳಿಯನ್ನು ಒಳಗಿನಿಂದ ಕಂಡು ಜಗತ್ತಿಗೆ ತಿಳಿಸಲು ಸಾಧ್ಯವಾದದ್ದು, ಅಂದು ಇಲ್ಲಿನ ಜನ ಅವನನ್ನು ಬರಮಾಡಿಕೊಂಡದ್ದರಿಂದ. ಇಂದು ಇತರರಿಗೆ ನಮ್ಮ ಬಗ್ಗೆ ಏನೂ ತಿಳಿದಿಲ್ಲವೆಂದು ನಾವು ಕೊರಗುತ್ತೇವೆ. ತಿಳಿಯಬೇಕಾದರೆ ಅವರು ಎಲ್ಲಿ ಕುಳಿತು ನೋಡಬೇಕು? ನಮ್ಮ ಅಡುಗೆಮನೆಯ ಮೇಜಿನ ಬಳಿ ಅವರಿಗೊಂದು ಕುರ್ಚಿ ಇದೆಯೇ?

ಗಲ್ಫ್‌ನ ದುಡಿಮೆಯಿಂದ ಕಟ್ಟಿದ ನಮ್ಮ ಎಷ್ಟೋ ಮನೆಗಳಲ್ಲಿ ಮೇಲಂತಸ್ತಿನ ಕೋಣೆಗಳು ವರ್ಷವಿಡೀ ಬೀಗ ಹಾಕಿಕೊಂಡಿವೆ. ಮಕ್ಕಳನ್ನು ಪರರ ಮನೆಗೆ ಕಳುಹಿಸುವ ಯೋಚನೆ ಮಾಡುವವರು, ಅಲ್ಲೊಂದು ಕೋಣೆಯ ಬೀಗ ತೆಗೆದು, ಹಾಸಿಗೆ ಬಿಸಿಲಿಗೆ ಹಾಕಿ, ಪರರ ಮಕ್ಕಳಿಗಾಗಿ ಸಿದ್ಧಪಡಿಸುವ ಬಗ್ಗೆಯೂ ಯೋಚಿಸಲಿ. ಅತಿಥಿಯನ್ನು ಆದರಿಸುವುದನ್ನು ಅಲ್ಲಾಹನಲ್ಲಿ ಮತ್ತು ಅಂತ್ಯದಿನದಲ್ಲಿ ವಿಶ್ವಾಸವಿಡುವವರ ಲಕ್ಷಣವೆಂದು ಪ್ರವಾದಿ(ಸ) ಕಲಿಸಿದರು. ಆ ಅತಿಥಿಯ ಧರ್ಮ ಯಾವುದೆಂದು ಅವರು ಷರತ್ತು ಹಾಕಲಿಲ್ಲ. ನಮ್ಮ ಮನೆಗಳನ್ನೂ ಮನಗಳನ್ನೂ ಅಲ್ಲಾಹನು ವಿಶಾಲಗೊಳಿಸಲಿ. ಆಮೀನ್.